ಬಚ್ಚಲ ಕಿಂಡಿ

ಒದ್ದೆ ತೆಂಗಿನ ಸಿಪ್ಪೆ ಹೊತ್ತಿಕೊಳ್ಳಲು ಒಪ್ಪುತ್ತಿರಲಿಲ್ಲ. ವಿನುತಾ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುತ್ತಲೇ ಇದ್ದಳು. ಹೊಗೆ ಕಣ್ಣಿಗೆ ಹೊಕ್ಕು ನೀರಿಳಿಸುತ್ತಿತ್ತು. ಅದರಿಂದ ಒಂದು ಅನುಕೂಲವೂ ಆಗಿತ್ತು. ಅವಳು ಅಳುತ್ತಿದ್ದಾಳೋ ಇಲ್ಲವೋ ಎಂದು ನೋಡಲು ಇಣುಕಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

"ಸಾಕು ಏಳೆ ಹುಡುಗಿ. ಗಾಡಿ ಹೈವೇ ಬಿಟ್ಟು ಇಳೀತಂತೆ," ಎಂದಳು ಪಕ್ಕದ ಮನೆಯ ಮೂಕಾಂಬಿಕಾ. "ನೀರು ನಾ ನೋಡ್ಕಳ್ತೆ. ನೀ ಹೋಗಿ ಅಮ್ಮನ ಇಳಿಸ್ಕೊ."

ಅಮ್ಮನನ್ನು ಇಳಿಸಿಕೊಳ್ಳುವುದು ವಿನುತಾಗೆ ಹೊಸದಲ್ಲ. ಬೆಂಗಳೂರಿನ ಬಸ್ಸು ಹಳದೀಪುರದಲ್ಲಿ ನಿಲ್ಲುವುದು ಬೆಳಗಿನ ಜಾವಕ್ಕೆ. ಪ್ರತಿ ಸಲವೂ ಅವಳೇ ಹೋಗಿ ನಿಲ್ಲುತ್ತಿದ್ದಳು. ಗಂಗಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಇಳಿದವಳೇ, "ಅಬ್ಬ, ನಮ್ಮ ಗಾಳಿ!" ಎಂದು ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಈ ಸಲ ರಸ್ತೆ ಅಗಲ ಮಾಡಲು ಕಡಿದ ದಿಬ್ಬದ ಕೆಳಗೆ ಆಂಬುಲೆನ್ಸು ನಿಂತಿತು. ಅದು ಓಣಿಯೊಳಗೆ ತಿರುಗುವಂತಿರಲಿಲ್ಲ. ಎದುರು ಮನೆಯ ದೇವಪ್ಪ ಮತ್ತು ಕೇರಿಯ ಗಂಡಸರು ಹೆಗಲು ಕೊಟ್ಟು ಹೊತ್ತು ತಂದರು. ಹಿಂದೆಯೇ ಕಾರಿನಲ್ಲಿ ಬಂದ ನರೇಶ ಚಪ್ಪಲಿ ಬಿಚ್ಚಿ ಅಂಗಳದಲ್ಲಿ ನಿಂತ. ನರೇಶ ಗಂಗಿಯ ಅಣ್ಣ ವೆಂಕಟ್ರಮಣನ ಮಗ, ಬೆಂಗಳೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಗಂಗಿ ಸತ್ತದ್ದು ಅವನ ಫ್ಲಾಟಿನಲ್ಲಿ, ಅವನ ಹೆಂಡತಿ ಅಂಕಿತಾಳ ಬಾಣಂತನಕ್ಕೆ ಹೋಗಿದ್ದಾಗ.

"ಹಾರ್ಟು," ಎಂದ ಅವನು, ಯಾರೂ ಕೇಳುವ ಮೊದಲೇ. "ಒಂದು ಮಾತಿಲ್ಲ, ಕತೆಯಿಲ್ಲ. ಡಾಕ್ಟ್ರು ಬರೆದು ಕೊಟ್ಟಿದಾರೆ."

"ಎಲ್ಲಿ ಬಿದ್ಲು?" ಮೂಕಾಂಬಿಕಾ ಕೇಳಿದಳು.

"ಮನೇಲೇ."

ಭಟ್ಕಳದಿಂದ ಮುಂಜಾನೆಯೇ ಬಂದಿದ್ದ ವೆಂಕಟ್ರಮಣ ಜಗುಲಿಯ ಕಂಬಕ್ಕೆ ಒರಗಿ ನಿಟ್ಟುಸಿರಿಟ್ಟ. "ನಮ್ಮ ಗಂಗಿಗೆ ಬೆಂಗಳೂರ ಮರುಳು. ಈ ವಯಸ್ಸಲ್ಲಿ ಬೇಡ ಅಂದ್ರೆ ಕೇಳ್ಬೇಕಲ್ಲ. ಕರೆಯುಕಿಲ್ಲ, ಬಸ್ಸು ಹತ್ತುದೇ."

ವಿನುತಾ ತಿರುಗಿ ನೋಡಿದಳು. ಈ ಸಲ ಕರೆದದ್ದು ಇದೇ ಮಾವ. ಇದೇ ಜಗುಲಿಯಲ್ಲಿ ಕೂತು, ಚಾ ಕುಡಿದು, 'ನೀ ಬರದೆ ಹೋದ್ರೆ ನನ್ನ ಮರ್ಯಾದೆ ಹೋಯ್ತದೆ' ಎಂದು ಕೈ ಹಿಡಿದವನು. ಅಂಕಿತಾಳ ಅಮ್ಮ ಬ್ಯಾಂಕಿನವಳು, ರಜೆಯಿಲ್ಲ. ನರೇಶನ ಅಮ್ಮ ಮಾಲಿನಿಗೆ ಮಂಡಿನೋವು. ಉಳಿದದ್ದು ಗಂಗಿ. ಎಲ್ಲವೂ ವಿನುತಾಳ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಜಗಳವನ್ನು ಮೊದಲಿಂದ ಕೊನೆಯ ತನಕ ಮನಸ್ಸಿನಲ್ಲೇ ಆಡಿ ಮುಗಿಸಿ, ಹೊರಗೆ 'ಹ್ಞೂಂ' ಎನ್ನುವ ಹುಡುಗಿ ಅವಳು. ಕುಮಟಾದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಬಿಟ್ಟರೆ ಅವಳ ದನಿಯನ್ನು ಕೇರಿಯಲ್ಲಿ ಕೇಳಿದವರು ಕಡಿಮೆ.

"ಮೀಸುದೆಲ್ಲ ಬೇಡ," ಎಂದ ನರೇಶ. "ಅಲ್ಲೇ ಎಲ್ಲ ಒರೆಸಿ, ಬಟ್ಟೆ ಉಡಿಸಿ ಕೊಟ್ಟಿದಾರೆ. ಬೇಗ ತೆಗೆದ್ರೆ ಒಳ್ಳೇದು. ದೂರದಿಂದ ಬಂದ ಹೆಣ."

"ಊರ ಮಕ್ಕಳನ್ನೆಲ್ಲ ಮೀಸಿದವಳನ್ನ ನೀರು ಹಾಕದೆ ಕಳ್ಸುದಾ?" ಮೂಕಾಂಬಿಕಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಿನ್ನನ್ನೂ ಅವಳೇ ಮೀಸಿದ್ದು. ಆಗ ಹಿಂಗೇ ಹಟ ಮಾಡ್ತಿದ್ದೆ. ಸರಿ ಆಚೆ."

ಗಂಡಸರು ನಕ್ಕು, ನಕ್ಕದ್ದಕ್ಕೆ ತಾವೇ ನಾಚಿ ಆಚೆ ಸರಿದರು.

ತೆಂಗಿನ ಮರಕ್ಕೂ ಬಚ್ಚಲ ಗೋಡೆಗೂ ಸೀರೆ ಕಟ್ಟಿ ಮರೆ ಮಾಡಿದರು. ಬಿಸಿ ನೀರು ಬೆರೆಸಿ ಮೂಕಾಂಬಿಕಾ ಮೊದಲ ಚೊಂಬು ಸುರಿದಳು. ವಿನುತಾ ಅಮ್ಮನ ತೋಳು ಉಜ್ಜಿದಳು. ಎರಡನೆಯ ಚೊಂಬಿಗೆ ಮೂಕಾಂಬಿಕಾಳ ಕೈ ನಿಂತಿತು.

"ಇದೆಂತದೇ? ಇಷ್ಟು ಕೆಂಪು?"

ಗಂಗಿಯ ಕೆನ್ನೆ, ಕುತ್ತಿಗೆ, ಉಗುರಿನ ಬುಡ, ಎಲ್ಲ ಕೆಂಪಾಗಿದ್ದವು. ಸತ್ತವರ ಬಿಳಿಚು ಇಲ್ಲವೇ ಇಲ್ಲ. ಆಗತಾನೇ ಬಿಸಿನೀರು ಮಿಂದು, ಒಲೆಯ ಮುಂದೆ ಕೂತು ಎದ್ದವಳ ಹಾಗೆ ಕಾಣುತ್ತಿದ್ದಳು.

"ಬೆಂಗಳೂರ ನೀರು ಹಿಡ್ದಿದೆ," ಎಂದಳು ಮಾಲಿನಿ ಸೀರೆಯ ಮರೆಯಿಂದ ಇಣುಕಿ. "ಬಾಣಂತಿ ಊಟ ಇವಳಿಗೂ ಬಿದ್ದಿರ್ಬೇಕು. ಪುಣ್ಯವಂತೆ, ಎಂತಾ ಕಳೆ ನೋಡಿ."

ಮೂಕಾಂಬಿಕಾ ಅವಳನ್ನು ನೋಡಿದಳು. ಮುಂದಿನ ಚೊಂಬು ಸುರಿದಳು.

*

ಗಂಗಿ ಕಂಡ ಬೆಂಗಳೂರೆಂದರೆ ಬಚ್ಚಲುಮನೆಗಳು.

ಅಣ್ಣಂದಿರ ಮಕ್ಕಳು, ಗಂಡನ ಕಡೆಯವರು, ಅವರ ಪರಿಚಯದವರು, ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳಿಗೆ ಫೋನು. ಕೆಂಗೇರಿಯ ಬಚ್ಚಲಲ್ಲಿ ಕಾಲು ನೀಡಲು ಜಾಗವಿರಲಿಲ್ಲ, ಬಾಗಿಲು ತೆಗೆದಿಟ್ಟು ಅಡುಗೆಮನೆಯೊಳಗೆ ಪಾದ ಚಾಚಿ ಕೂತು ಮಗುವನ್ನು ಮೀಸಿದಳಂತೆ. ಹೆಬ್ಬಾಳದ್ದು ಎಷ್ಟು ನುಣುಪೆಂದರೆ ಮಣೆ ತಾನೇ ಜಾರುತ್ತಿತ್ತು. ಇನ್ನೊಂದು ಕಡೆ ನೀರೆಲ್ಲ ಟ್ಯಾಂಕರಿನದು, ಮನೆಯವರು ಬಾಗಿಲಾಚೆ ನಿಂತು "ಸಾಕು ಅತ್ತೆ, ಸಾಕು" ಎನ್ನುತ್ತಿದ್ದರು. "ಶಿಶುವಿಗೆ ಸುರಿಯುವ ನೀರಿಗೂ ಕಾವಲು ಮಾರಾಯ್ತಿ," ಎಂದು ಊರಿಗೆ ಬಂದು ನಗುತ್ತಿದ್ದಳು. ಹೋದ ಸಲ ಕಿಟಕಿಯಿಂದ ರಾಗಿ ಹೊಲ ಕಾಣುತ್ತಿದ್ದಲ್ಲಿ ಮುಂದಿನ ಸಲ ಇನ್ನೊಬ್ಬರ ಕಿಟಕಿ ಇರುತ್ತಿತ್ತು. ವಿಧಾನಸೌಧವನ್ನು ಅವಳು ನೋಡಿದ್ದು ಬಸ್ಸಿನಿಂದ, ನಿದ್ದೆಗಣ್ಣಿನಲ್ಲಿ. ಒಂದು ಭಾನುವಾರ ದೊಡ್ಡ ಮಾಲಿಗೆ ಕರೆದೊಯ್ದಿದ್ದರು. ಅವರೆಲ್ಲ ಸಿನಿಮಾಕ್ಕೆ ಹೋದಾಗ ಇವಳು ಹೊರಗಿನ ಬೆಂಚಿನಲ್ಲಿ ಮಗುವನ್ನು ತಟ್ಟುತ್ತ ಕೂತಿದ್ದಳು.

"ಎಂತ ನೋಡ್ದೆ?" ಎಂದು ವಿನುತಾ ಕೇಳಿದ್ದಳು.

"ಜನರ ಕಾಲು ನೋಡ್ದೆ. ಎಲ್ಲರಿಗೂ ಅವಸರ."

ಯಾವ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಬಚ್ಚಲ ಕಿಟಕಿಯ ಉದ್ದಗಲವನ್ನು ಗೇಣಿನಲ್ಲಿ ನೋಡಿ, ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಸಂದಿಗೆ ತುರುಕುವುದು. ಬಾಣಂತಿಗೂ ಮಗುವಿಗೂ ಗಾಳಿ ತಾಗಬಾರದು. ಹಳದೀಪುರದ ಬಚ್ಚಲ ಕಿಂಡಿಗೂ ಹಾಗೇ ತುರುಕುತ್ತಿದ್ದಳು. ಒಳಗೆ ಒಲೆ ಧಗಧಗ ಉರಿಯುತ್ತಿದ್ದರೂ ಯಾರಿಗೂ ಏನೂ ಆದದ್ದಿಲ್ಲ. ಮೇಲೆ ಹಂಚು, ಹಂಚಿನ ಸಂದಿ ತುಂಬ ಆಕಾಶ. ಹೊಗೆಗೆ ತನ್ನ ದಾರಿ ಗೊತ್ತಿತ್ತು.

*

ಚಟ್ಟ ಕಟ್ಟುವ ಬಿದಿರು ಸೀಳುವ ಸದ್ದು ಕೇಳುತ್ತಿತ್ತು. ಗಂಗಿಯನ್ನು ಅಂಗಳದಲ್ಲಿ ಬಾಳೆಲೆಯ ಮೇಲೆ ಮಲಗಿಸಿದ್ದರು. ಮಾಲಿನಿ ಬಂದು ವಿನುತಾಳ ಪಕ್ಕದಲ್ಲಿ ಕೂತು, ಅವಳ ಕೂದಲು ಸರಿಮಾಡಿದಳು.

"ನೋಡು ಮಗಾ, ಈಗ ಹೇಳುದಲ್ಲ. ಆದ್ರೂ ಹೇಳ್ತೆ. ಅಂಕಿತಾಗೆ ಇನ್ನೂ ತಿಂಗಳು ತುಂಬ್ಲಿಲ್ಲ. ಒಬ್ಬಳೇ ಇದಾಳೆ. ಹೊಸಬರ ಕೈಗೆ ಮಗು ಕೊಡುಕಾಯ್ತದಾ?"

ವಿನುತಾ ಅಮ್ಮನ ಮುಖದ ಮೇಲಿನ ನೊಣ ಓಡಿಸಿದಳು.

"ನಿನ್ನ ಕೆಲ್ಸ ಹೆಂಗೂ ಕಾಯಂ ಅಲ್ಲ. ಹನ್ನೆರಡರ ಕಾರ್ಯ ಮುಗಿಸಿ ನರೇಶನ ಕಾರಲ್ಲೇ ಹೋಗಿ ಬಾ. ಅಮ್ಮನ ಕೈಗುಣ ನಿಂಗೂ ಬಂದಿರ್ತದೆ. ಬೆಂಗಳೂರೂ ನೋಡ್ದಂಗೆ ಆಯ್ತು."

ವಿನುತಾ ಎದ್ದು ನಿಂತಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಿತ್ತಿಲ ಕಡೆ ನಡೆದಳು.

ಹಿತ್ತಿಲಲ್ಲಿ ಆಂಬುಲೆನ್ಸಿನ ಡ್ರೈವರ್ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ. ದೇವಪ್ಪ ಚಾ ಬಗ್ಗಿಸಿ ಕೊಡುತ್ತಿದ್ದ.

"ಚಳಿ ಶುರುವಾದ್ರೆ ಈ ಗೀಸರ್ ಕೇಸುಗಳು ಬರ್ತಾನೇ ಇರ್ತವೆ ಅಣ್ಣ," ಎನ್ನುತ್ತಿದ್ದ ಡ್ರೈವರ್. "ಗ್ಯಾಸಿಂದು. ಬಾತ್ರೂಮ್ ಒಳಗಡೇನೇ ಹಾಕ್ಬಿಡ್ತಾರೆ. ಕಿಟ್ಕಿ ಮುಚ್ಚಿದ್ರೆ ಅಷ್ಟೇ, ವಾಸನೇನೂ ಬರಲ್ಲ. ಮೈಯೆಲ್ಲ ಕೆಂಪಗೆ ಆಗಿರುತ್ತೆ, ನಿದ್ದೆ ಮಾಡ್ದಂಗೆ."

"ಎಂತಾ ಗೀಸರು? ಇದು ಹಾರ್ಟು ಅಲ್ದಾ?"

ಡ್ರೈವರ್ ತಲೆಯೆತ್ತಿದ. ಮೂಲೆಯಲ್ಲಿ ವಿನುತಾ ನಿಂತದ್ದು ಕಂಡಿತು. "ನಂಗೇನ್ ಗೊತ್ತು ಬಿಡಿ. ಅಲ್ಲಿ ವಾಚ್‌ಮನ್ ಏನೋ ಮಾತಾಡ್ತಿದ್ದ," ಎಂದು ಚಾದೊಳಗೆ ಮುಖ ಹಾಕಿದ.

ಅಮ್ಮನ ಚೀಲವನ್ನು ಯಾರೋ ಒಳಕೋಣೆಯ ಮೂಲೆಗೆ ಎಸೆದಿದ್ದರು. ವಿನುತಾ ಬಾಗಿಲು ಹಾಕಿಕೊಂಡು ಜಿಪ್ಪು ಎಳೆದಳು. ಎರಡು ಸೀರೆ, ಕೊಬ್ಬರಿ ಎಣ್ಣೆಯ ಬಾಟಲಿ, ಮಗುವಿಗೆ ತೇಯುವ ಬಜೆಯ ತುಂಡು. ಎಲ್ಲದರ ತಳದಲ್ಲಿ, ಅವಸರದಲ್ಲಿ ಬಟ್ಟೆಯೆಂದು ತಿಳಿದು ಯಾರೋ ತುಂಬಿದ್ದ ಒಂದು ಸುರುಳಿ ಇತ್ತು. ಗಂಗಿಯ ಹಳೆಯ ನೀಲಿ ಸೀರೆಯ ತುಂಡು, ಬಿಗಿಯಾಗಿ ಸುತ್ತಿ, ಮೂರು ಕಡೆ ದಾರ ಕಟ್ಟಿದ್ದು. ಕಿಟಕಿಯ ಅಳತೆಗೆ ಒತ್ತಿ ಒತ್ತಿ ಅದು ಚಪ್ಪಟೆಯಾಗಿತ್ತು.

*

"ಅಂಕಿತಾ ಬಚ್ಚಲಲ್ಲಿ ಬಿದ್ಲು ಮಗಾ," ಎಂದಿದ್ದಳು ಗಂಗಿ ಹೋದ ವಾರ ಫೋನಿನಲ್ಲಿ, ದನಿ ತಗ್ಗಿಸಿ. "ಮೀತಾ ಮೀತಾ ಕಣ್ಣು ಕತ್ಲೆ ಬಂತಂತೆ. ನಾನೇ ಎಳ್ಕಂಡು ಬಂದೆ. ದೇವರು ದೊಡ್ಡವ, ಮಗು ಒಳಗೆ ಮಲಗಿತ್ತು."

"ಡಾಕ್ಟರಿಗೆ ತೋರಿಸಿದ್ರಾ?"

"ವೀಕ್‌ನೆಸ್ ಅಂದ ನರೇಶ. ಆ ದಿನವೇ ಎಂತದೋ ರಿಪೇರಿಯವನೂ ಬಂದಿದ್ದ, ಇಬ್ರೂ ಬಾಗಿಲು ಹಾಕಿ ಮಾತಾಡ್ಕಂಡ್ರು. ಈಗ ಬಾಣಂತಿ, ಮಗು ಇಬ್ರಿಗೂ ಒಳಗಿನ ಬಚ್ಚಲಲ್ಲೇ ಮೀಸುದು. ಅಲ್ಲಿ ಕರೆಂಟಿನ ಗೀಸರು. ನಂಗೆ ಹೊರಗಿನ ಗ್ಯಾಸಿಂದೇ ಇರ್ಲಿ ಅಂದ. ನೀರು ಲಾಯ್ಕ ಕಾಯ್ತದೆ ಅದ್ರಲ್ಲಿ. ಸೊಂಟಕ್ಕೆ ಹಿತ."

*

ನರೇಶ ಬಾವಿಕಟ್ಟೆಯ ಹತ್ತಿರ ಫೋನಿನಲ್ಲಿದ್ದ. ವಿನುತಾ ಎದುರು ನಿಂತಳು. ಸುರುಳಿ ಅವಳ ಸೆರಗಿನೊಳಗಿತ್ತು.

"ನರೇಶ ಭಾವ, ಅಮ್ಮ ಎಲ್ಲಿ ಬಿದ್ದದ್ದು?"

"ಹೇಳಿದ್ನಲ್ಲ, ಮನೇಲಿ."

"ಹೊರಗಿನ ಬಚ್ಚಲಲ್ಲಾ?"

ಅವನು ಫೋನನ್ನು ಜೇಬಿಗೆ ಹಾಕಿದ. ಆಚೀಚೆ ನೋಡಿದ. "ಯಾರು ಹೇಳಿದ್ರು ನಿಂಗೆ?"

"ಅಂಕಿತಾ ಬಿದ್ದದ್ದೂ ಅದ್ರಲ್ಲೇ ಅಲ್ದಾ?"

"ವಿನುತಾ, ಅತ್ತೆನೇ ಕಿಟಕಿಗೆ ಬಟ್ಟೆ ತುರುಕಿದ್ದು. ನಾನು ಹೇಳಿದ್ನಾ ತುರುಕು ಅಂತ? ಫ್ಲಾಟಲ್ಲಿ ಹಳ್ಳಿ ಪದ್ಧತಿ ಮಾಡಿದ್ರೆ ಹಿಂಗೇ ಆಗುದು."

ವೆಂಕಟ್ರಮಣ ಹೆಗಲ ಮೇಲೆ ಪಂಚೆ ಹಾಕಿಕೊಂಡು ಹತ್ತಿರ ಬಂದ. ಮಾತು ಅವನ ಕಿವಿಗೆ ಬಿದ್ದಿತ್ತು. ಅಲ್ಲ, ಮೊದಲೇ ಬಿದ್ದಿತ್ತು. ಅವನ ಮುಖದಲ್ಲಿ ಆಶ್ಚರ್ಯದ ಒಂದು ಗೆರೆಯೂ ಇರಲಿಲ್ಲ.

"ಮಾವ, ನಿಮಗೂ ಗೊತ್ತಿತ್ತಾ?"

"ಸಣ್ಣಕ್ಕೆ ಮಾತಾಡು. ಗೊತ್ತಾಗಿ ಎಂತ ಮಾಡುದು? ಪೊಲೀಸು ಅಂದ್ರೆ ನಿನ್ನ ಅಮ್ಮನ್ನ ಕೊಯ್ತಾರೆ. ತುಂಡು ಮಾಡಿ ಕಳ್ಸಿದ್ರೆ ನಿಂಗೆ ಸಮಾಧಾನವಾ? ಮನೆಯೊಳಗಿನ ಮಾತು ಮನೆಯೊಳಗೇ ಇರ್ಬೇಕು. ಹೋಗು, ಹೆಂಗಸರ ಜೊತೆ ಕೂತ್ಕ."

"ಪೊಲೀಸು ಅಂದೆನಾ ನಾನು? ಬೆಂಗಳೂರ ಮರುಳು ಅಂದ್ರಲ್ಲ ಮಾವ. ಮರುಳು ಅಂತ ಜನ ಹೇಳ್ಕಂಡು ಓಡಾಡ್ತಾರೆ. ಆದದ್ದು ಎಂತ ಅಂತ ಭಾವ ಈ ಜನರೆದ್ರು ಹೇಳ್ಲಿ. ಅಷ್ಟೇ."

"ಹೇಳ್ಲಿಲ್ಲ ಅಂದ್ರೆ?" ವೆಂಕಟ್ರಮಣ ಕೇಳಿದ. ಅದು ಬೆದರಿಕೆಯಾಗಿರಲಿಲ್ಲ. ಅವನಿಗೆ ಸೊಸೆಯ ಸ್ವಭಾವ ಗೊತ್ತಿತ್ತು, ಹೆಚ್ಚೆಂದರೆ ಒಳಗೆ ಹೋಗಿ ಅಳುತ್ತಾಳೆ. "ನಿನ್ನ ಅಮ್ಮಂಗೆ ಗಂಡು ದಿಕ್ಕಿಲ್ಲ. ಕೊಳ್ಳಿ ಇಡುಕೂ ಇವನೇ ಬೇಕು. ನೆನಪಿರ್ಲಿ. ನರೇಶ, ಹೋಗಿ ಮಿಂದು ಬಾ. ಹೊತ್ತಾತು."

ಕೊಳ್ಳಿ ಇಡುವವನು ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲೇ ಕೆಂಡದ ಮಡಕೆ ಹಿಡಿದು ಹೊರಡಬೇಕು. ನರೇಶ ಅಂಗಿ ಬಿಚ್ಚಿ ಜಗುಲಿಯ ಗೂಟಕ್ಕೆ ತೂಗುಹಾಕಿ, ಒಣ ಪಂಚೆ ಸುತ್ತಿಕೊಂಡು ಬಚ್ಚಲಿಗೆ ಹೊಕ್ಕ. ಚಿರೆಕಲ್ಲಿನ ಸಣ್ಣ ಬಚ್ಚಲು, ಒಂದು ಬಾಗಿಲು, ಒಂದು ಕಿಂಡಿ. ಹಂಡೆಯಡಿ ಮೂಕಾಂಬಿಕಾ ತುರುಕಿದ್ದ ಒದ್ದೆ ಸಿಪ್ಪೆ ಹೊಗೆಯಾಡುತ್ತಿತ್ತು.

ವಿನುತಾ ಹಿಂದೆಯೇ ಹೋದಳು. ಬಾಗಿಲ ಚಿಲಕ ಹೊರಗಿನಿಂದ ಹಾಕಿದಳು. ಬಳಸಿಕೊಂಡು ಹೋಗಿ, ಸೆರಗಿನಿಂದ ಸುರುಳಿ ತೆಗೆದು ಕಿಂಡಿಗೆ ಒತ್ತಿದಳು. ಬೆಂಗಳೂರಿನ ಕಿಟಕಿಗೆ ಮಾಡಿದ್ದು ಇಲ್ಲಿಗೆ ಸ್ವಲ್ಪ ದೊಡ್ಡದು. ಅಂಗೈಯಿಂದ ಗುದ್ದಿ ಗುದ್ದಿ ತುರುಕಿದಳು.

ಒಳಗೆ ಚೊಂಬು ಬಿದ್ದ ಸದ್ದಾಯಿತು.

"ಯಾರದು? ಕಿಂಡಿ ಯಾರು ಮುಚ್ಚಿದ್ದು?"

"ನಾನು."

"ಹೊಗೆ ಕಟ್ತದೆ ಮಾರಾಯ್ತಿ, ತೆಗಿ!"

"ಹೇಳು."

ಬಾಗಿಲು ದಡಬಡ ಬಡಿಯಿತು. ಅಂಗಳದಲ್ಲಿದ್ದವರೆಲ್ಲ ಎದ್ದರು. ದೇವಪ್ಪನ ಕೈಯಲ್ಲಿ ಬಿದಿರಿನ ಸೀಳು ಹಾಗೇ ಇತ್ತು. ಮಾಲಿನಿ "ಅಯ್ಯೋ ನನ್ನ ಮಗ" ಎಂದು ಎದ್ದು ಓಡಿ ಬಂದಳು, ಮಂಡಿನೋವಿನ ಸುಳಿವೂ ಇಲ್ಲದೆ. ವಿನುತಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಬೇಡಿ ಅತ್ತೆ. ಹತ್ತಿರ ಬರಬೇಡಿ."

ಆ ದನಿ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ತರಗತಿಯ ಕೊನೆಯ ಬೆಂಚಿಗೂ ತಲುಪುವ ದನಿ ಅದು. ಮಾಲಿನಿ ನಿಂತಳು. ಚಿಲಕಕ್ಕೆ ಕೈ ಹಾಕಲು ಮುಂದೆ ಬಂದ ವೆಂಕಟ್ರಮಣನ ಎದುರು ಮೂಕಾಂಬಿಕಾ ಬಿಂದಿಗೆ ಹಿಡಿದು ಅಡ್ಡ ನಿಂತಳು.

"ಹಂಚಿನ ಬಚ್ಚಲು ವೆಂಕಟ್ರಮಣ. ಇದ್ರಲ್ಲಿ ಯಾರೂ ಸಾಯುದಿಲ್ಲ. ಕಣ್ಣು ಉರೀತದೆ, ಅಷ್ಟೇ."

ವಿನುತಾಗೂ ಅದು ಗೊತ್ತಿತ್ತು. ಮೇಲೆ ಹಂಚಿನ ಸಂದಿಯಿಂದ ಹೊಗೆ ಎಳೆಎಳೆಯಾಗಿ ಏಳುತ್ತಿರುವುದು ಅಂಗಳದ ಎಲ್ಲರಿಗೂ ಕಾಣುತ್ತಿತ್ತು. ಒಳಗಿದ್ದವನಿಗೆ ಮಾತ್ರ ಕಾಣುತ್ತಿರಲಿಲ್ಲ. ಇದೇ ಬಚ್ಚಲಲ್ಲಿ ಗಂಗಿಯ ಕಾಲ ಮೇಲೆ ಮಲಗಿ ಮಿಂದವನು, ಆ ಹಂಚಿನ ಮಾಡನ್ನು ಅವನು ಮರೆತು ಬಹಳ ಕಾಲವಾಗಿತ್ತು.

"ವಿನುತಾ, ಉಸಿರು ಕಟ್ತದೆ! ಗೀಸರ್ ಸಮ ಇರ್ಲಿಲ್ಲ, ಆತಾ? ಆತಾ? ತೆಗಿ!"

"ಯಾವಾಗ ಗೊತ್ತಾದದ್ದು?"

ಕೆಮ್ಮು. "ಅಂಕಿತಾ ಬಿದ್ದ ದಿನ. ರಿಪೇರಿಯವ ಹೇಳ್ದ. ಒಳಗೆ ಇಡಬಾರ್ದು, ಹೊರಗಿನ ಗೋಡೆಗೆ ತೂತು ಹೊಡೀಬೇಕು ಅಂದ. ಅಸೋಸಿಯೇಷನ್‌ನವರು ಬಿಡ್ಲಿಲ್ಲ. ಬಿಲ್ಡಿಂಗ್ ಅಂದ ಕೆಡ್ತದಂತೆ. ಮುಂದಿನ ಮೀಟಿಂಗಲ್ಲಿ ನೋಡುವ ಅಂದ್ರು."

"ಹೆಂಡ್ತೀನ ಒಳಗಿನ ಬಚ್ಚಲಿಗೆ ಹಾಕ್ದೆ. ಮಗುನ ಹಾಕ್ದೆ. ಅಮ್ಮನ್ನ?"

ಒಳಗಿನಿಂದ ಬಾಗಿಲಿಗೆ ಮತ್ತೆರಡು ಗುದ್ದು ಬಿತ್ತು.

"ಕಿಟಕಿಯ ಬಟ್ಟೆ ತೆಗೀರಿ ಅತ್ತೆ ಅಂತ ಒಂದು ಮಾತು ಹೇಳುಕಾಗ್ಲಿಲ್ವಾ ನಿಂಗೆ?"

ಬಾಗಿಲು ಬಡಿಯುವುದು ನಿಂತಿತು. ಒಳಗಿನಿಂದ ಬಂದ ದನಿ ಈಗ ಸಣ್ಣದಾಗಿತ್ತು. ಆದರೂ ಅಂಗಳದಲ್ಲಿ ಯಾರೂ ಉಸಿರು ಬಿಡದೆ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಹೇಳಿದ್ರೆ ಎಂತಕ್ಕೆ ಅಂತ ಕೇಳ್ತಿದ್ರು. ಹೆದರಿ ಊರಿಗೆ ಹೊರಟ್ರೆ... ಮಗುನ ಮೀಸುಕೆ ಯಾರಿದ್ರು ನಮ್ಗೆ?"

ವಿನುತಾ ಬಾಗಿಲಿನಿಂದ ಬೆನ್ನು ತೆಗೆದಳು. ಹಿಂದೆ ಹೋಗಿ ಕಿಂಡಿಯ ಸುರುಳಿ ಎಳೆದಳು. ಬೂದುಬಣ್ಣದ ಹೊಗೆ ಅವಳ ಮುಖಕ್ಕೇ ಬಡಿಯಿತು. ಚಿಲಕ ತೆಗೆದದ್ದು ಮೂಕಾಂಬಿಕಾ.

ನರೇಶ ಕೆಮ್ಮುತ್ತ ಹೊರಗೆ ಬಂದು, ಅಂಗಳದ ನಡುವೆ ನಿಂತ. ಕಣ್ಣು, ಮೂಗು ಸುರಿಯುತ್ತಿದ್ದವು. ಮುಖ ಕೆಂಪಾಗಿತ್ತು. ಯಾರೂ ಅವನಿಗೆ ನೀರು ಕೊಡಲಿಲ್ಲ, ಯಾರೂ ಬೈಯಲೂ ಇಲ್ಲ. ವೆಂಕಟ್ರಮಣ ಕೇರಿಯವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಗೂಟದ ಮೇಲಿನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಾಲಿನಿ ಅಭ್ಯಾಸದಿಂದ ಎತ್ತಿಕೊಂಡಳು. "ಹಲೋ" ಎನ್ನುವ ಮೊದಲೇ ಅತ್ತಲಿಂದ ಕೂಸಿನ ಅಳು ಕೇಳಿತು.

ದೇವಪ್ಪ ಬಗ್ಗಿ, ಮಡಕೆಯ ಕೆಂಡವನ್ನು ಒಮ್ಮೆ ಊದಿದ. ಎತ್ತಿಕೊಡಲು ಕೈ ಹಾಕಿದವನು ನರೇಶನ ಸೊಂಟದ ಕಡೆ ನೋಡಿದ. ಕೈ ಹಿಂದೆ ತೆಗೆದ. ಎಲ್ಲರೂ ನೋಡಿದರು.

ಬಚ್ಚಲೊಳಗೆ ಹಂಡೆಯ ನೀರು ಮುಚ್ಚಳ ಕುಣಿಸುತ್ತ ಕುದಿಯುತ್ತಿತ್ತು. ನರೇಶನ ಪಂಚೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.